ಜೇಮಿ ಡಾರ್ನನ್: ರೂಪದರ್ಶಿಯಿಂದ ಗಾಯನ, ನಟನೆಯ ಕಡೆಗೆ

ಉತ್ತರ ಐರ್ಲೆಂಡಿನ ನಟ ಜೇಮಿ ಡಾರ್ನನ್ ಅವರು ಮೊದಲು ಹೆಸರು ಮಾಡಿದ್ದು ರೂಪದರ್ಶಿಯಾಗಿ. 1982ರ ಮೇ 1ರಂದು ಬೆಲ್‌ಫಾಸ್ಟ್ ಸಮೀಪದ ಹಾಲಿವುಡ್ ಎಂಬ ಊರಿನಲ್ಲಿ ಜನಿಸಿದರು. (ಹೆಸರು ಕೇಳಿ ಅಮೆರಿಕದ ಚಿತ್ರನಗರಿ ಎಂದುಕೊಳ್ಳಬಾರದು, ಇದು ಸಮುದ್ರ ತೀರದ ಸಣ್ಣ ಪಟ್ಟಣ.) ತಂದೆ ಜಿಮ್ ಡಾರ್ನನ್ ಹೆಸರಾಂತ ಪ್ರಸೂತಿ ತಜ್ಞರು. ತಾಯಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಜೇಮಿಗೆ ಹದಿನಾರು ವರ್ಷ.

ಓದನ್ನು ಅರ್ಧಕ್ಕೆ ಬಿಟ್ಟು ಲಂಡನ್ ಸೇರಿದ ಅವರು 2001ರಲ್ಲಿ ‘ಮಾಡೆಲ್ ಬಿಹೇವಿಯರ್’ ಎಂಬ ಟಿ.ವಿ. ಸ್ಪರ್ಧೆಯಲ್ಲಿ ಭಾಗವಹಿಸಿದರು. ಗೆಲ್ಲಲಿಲ್ಲ. ಆದರೂ ಸೆಲೆಕ್ಟ್ ಎಂಬ ಮಾಡೆಲಿಂಗ್ ಸಂಸ್ಥೆ ಅವರನ್ನು ಸೇರಿಸಿಕೊಂಡಿತು. ಕ್ಯಾಲ್ವಿನ್ ಕ್ಲೈನ್, ಡಿಯೋರ್, ಅರ್ಮಾನಿ ಜಾಹೀರಾತುಗಳು ಒಂದರ ಹಿಂದೆ ಒಂದು ಬಂದವು.

ಈ ಗಳಿಕೆಯ ನಡುವೆಯೇ ಅವರ ಮನಸ್ಸು ಹಾಡಿನ ಕಡೆಗಿತ್ತು. ಗೆಳೆಯ ಡೇವಿಡ್ ಅಲೆಕ್ಸಾಂಡರ್ ಜೊತೆ ‘ಸನ್ಸ್ ಆಫ್ ಜಿಮ್’ ಎಂಬ ಜಾನಪದ ಧಾಟಿಯ ತಂಡ ಕಟ್ಟಿದರು. ‘ಜಿಮ್‌ನ ಮಕ್ಕಳು’ ಎಂದು ಅದರ ಅರ್ಥ. ಇಬ್ಬರ ತಂದೆಯ ಹೆಸರೂ ಜಿಮ್. ಸ್ವಂತ ಲೇಬಲ್‌ನಲ್ಲೇ 2005ರಲ್ಲಿ ‘ಫೇರಿಟೇಲ್’ ಎಂಬ ಹಾಡು ಹೊರತಂದರು. ಗಾಯಕಿ ಕೆ.ಟಿ. ಟನ್‌ಸ್ಟಾಲ್ ಅವರ ಪ್ರವಾಸದಲ್ಲಿ ಮುಖ್ಯ ಕಾರ್ಯಕ್ರಮಕ್ಕೆ ಮೊದಲು ಹಾಡುವ ಅವಕಾಶವೂ ಸಿಕ್ಕಿತು. ಜಾಹೀರಾತಿನ ಮುಖ ಜಗತ್ತಿಗೆಲ್ಲ ಪರಿಚಿತವಾಗಿದ್ದರೂ ಹಾಡಿಗೆ ಅದರಿಂದ ಹೆಚ್ಚಿನ ಲಾಭವಾಗಲಿಲ್ಲ. 2008ರಲ್ಲಿ ತಂಡ ಮುಚ್ಚಿತು.

ನಟನೆಯ ದಾರಿಯೂ ಸಲೀಸಾಗಿರಲಿಲ್ಲ. 2006ರಲ್ಲಿ ಸೋಫಿಯಾ ಕೊಪ್ಪೊಲಾ ಅವರ ‘ಮೇರಿ ಆಂಟೊನೆಟ್’ ಚಿತ್ರದಲ್ಲಿ ಪಾತ್ರ ಸಿಕ್ಕರೂ ಮುಂದಿನ ಕೆಲವು ವರ್ಷ ಹೇಳಿಕೊಳ್ಳುವಂಥ ಅವಕಾಶ ಬರಲಿಲ್ಲ. ರೂಪದರ್ಶಿ ಎಂದರೆ ನೋಡಲು ಚೆಂದ, ಅಷ್ಟೇ ಎಂಬ ಭಾವನೆ ಚಿತ್ರರಂಗದಲ್ಲಿ ಎಲ್ಲೆಡೆ ಇದೆ. ಅದನ್ನು ಕಳೆದದ್ದು ಬಿಬಿಸಿಯ ‘ದಿ ಫಾಲ್’ (2013) ಧಾರಾವಾಹಿ. ಹಗಲು ಮಕ್ಕಳನ್ನು ಮುದ್ದಿಸುವ ತಂದೆ, ರಾತ್ರಿ ಸರಣಿ ಕೊಲೆಗಾರ: ಆ ಸುಂದರ ಮುಖವೇ ಇಲ್ಲಿ ಭಯ ಹುಟ್ಟಿಸಿತು. ಬಾಫ್ಟಾ ನಾಮನಿರ್ದೇಶನವೂ ಬಂತು. 2015ರಿಂದ ಮೂರು ಕಂತುಗಳಲ್ಲಿ ಬಂದ ‘ಫಿಫ್ಟಿ ಶೇಡ್ಸ್’ (ವಯಸ್ಕರಿಗಷ್ಟೇ ಸೀಮಿತವಾದ ಚಿತ್ರಗಳು) ಹಣ, ಹೆಸರು ಎರಡನ್ನೂ ತಂದವು. ವಿಮರ್ಶಕರು ಮಾತ್ರ ಒಪ್ಪಲಿಲ್ಲ.

ಬಿಟ್ಟುಹೋದ ಹಾಡು ಮತ್ತೆ ಸಿಕ್ಕಿದ್ದು ಸಿನಿಮಾದ ಮೂಲಕವೇ. ‘ಫಿಫ್ಟಿ ಶೇಡ್ಸ್’ ಸರಣಿಯ ಕೊನೆಯ ಚಿತ್ರದಲ್ಲಿ ಪಿಯಾನೊ ಮುಂದೆ ಕುಳಿತು ಹಾಡಿದರು. 2021ರ ‘ಬಾರ್ಬ್ ಆ್ಯಂಡ್ ಸ್ಟಾರ್’ ಹಾಸ್ಯಚಿತ್ರದಲ್ಲಿ ಕಡಲತೀರದ ಹಕ್ಕಿಗಳೆದುರು ಅಳಲು ತೋಡಿಕೊಳ್ಳುವ ಹಾಡೊಂದಿದೆ; ತಮ್ಮನ್ನೇ ಗೇಲಿ ಮಾಡಿಕೊಳ್ಳುವ ಧೈರ್ಯ ಅದರಲ್ಲಿ ಕಾಣುತ್ತದೆ. ಅದೇ ವರ್ಷ ಕೆನೆತ್ ಬ್ರಾನಾ ಅವರ ‘ಬೆಲ್‌ಫಾಸ್ಟ್’ ಬಂತು. 1969ರ ಗಲಭೆಯ ನಡುವೆ ಸಂಸಾರ ಉಳಿಸಿಕೊಳ್ಳಲು ಹೆಣಗುವ ತಂದೆಯ ಪಾತ್ರ ಅವರದು. ಹಿರಿಯರ ಅಂತ್ಯಸಂಸ್ಕಾರದ ನಂತರ ಬಂಧುಗಳೆಲ್ಲ ಸೇರಿರುವಾಗ ಹೆಂಡತಿಗಾಗಿ ಅವರು ಹಾಡುವ ದೃಶ್ಯ ನೋಡಿದವರು ಬೇಗ ಮರೆಯುವುದಿಲ್ಲ. ಈ ಪಾತ್ರಕ್ಕೆ ಗೋಲ್ಡನ್ ಗ್ಲೋಬ್ ನಾಮನಿರ್ದೇಶನ ದೊರೆಯಿತು.

ಆ ಚಿತ್ರ ತೆರೆಕಂಡ ವರ್ಷದ ಮಾರ್ಚ್ ತಿಂಗಳಲ್ಲಿ ತಂದೆ ಜಿಮ್ ಕೋವಿಡ್‌ನಿಂದ ತೀರಿಕೊಂಡಿದ್ದರು.