‘ಕಂಪೆನಿ’ ಎಂಬ ಶಬ್ದದ ಚರಿತ್ರೆ

ಮನುಷ್ಯರಿಗಿರುವಂತೆ ಶಬ್ದಗಳಿಗೂ ಕುಲವುಂಟು, ವೃತ್ತಿಯುಂಟು. ಸಾಧುವಾದ ಕುಲದಲ್ಲಿ ಹುಟ್ಟಿದ ಶಬ್ದವು ಕ್ರೂರವಾದ ವೃತ್ತಿಯನ್ನು ಹಿಡಿಯುವುದೂ ಉಂಟು. ಇದಕ್ಕೆ ಇಂಗ್ಲಿಷಿನ ‘ಕಂಪೆನಿ’ ಎಂಬ ಶಬ್ದವೇ ನಿದರ್ಶನವಾಗಿದೆ.

ಲ್ಯಾಟಿನ್ ಭಾಷೆಯಲ್ಲಿ ‘ಕುಮ್’ ಎಂದರೆ ಕೂಡ, ‘ಪಾನಿಸ್’ ಎಂದರೆ ರೊಟ್ಟಿ. ಈ ಎರಡರ ಸಮಾಸದಿಂದ ‘ರೊಟ್ಟಿಯನ್ನು ಹಂಚಿಕೊಂಡು ಉಣ್ಣುವವನು’ ಎಂಬರ್ಥದ ಶಬ್ದವು ಹುಟ್ಟಿತು. ಅಂಥವರ ಕೂಟವನ್ನು ಹೇಳುವ ಶಬ್ದವು ಪ್ರಾಚೀನ ಫ್ರೆಂಚಿನ ಮೂಲಕ ಇಂಗ್ಲಿಷನ್ನು ಸೇರಿತು. ಅಮರಕೋಶದಲ್ಲಿ ಸಹಭೋಜನಕ್ಕೆ ಪರ್ಯಾಯವಾಗಿ ಹೇಳಿರುವ ‘ಸಗ್ಧಿ’ಯು ಭಾವದಲ್ಲಿ ಇದಕ್ಕೆ ಸಮೀಪವಾದುದು. ಒಡನುಂಡವನೇ ಒಡನಾಡಿಯೆಂಬುದು ಉಭಯ ದೇಶಗಳಿಗೂ ಸಮ್ಮತವೆನ್ನಬೇಕು.

ಈ ಮೂಲದಿಂದ ಅರ್ಥಗಳು ಕವಲೊಡೆದುವು. ಒಬ್ಬನ ಸಹವಾಸವೂ ಕಂಪೆನಿ; ಮನೆಗೆ ಬಂದ ಅತಿಥಿಗಳೂ ಕಂಪೆನಿ; ಕಾಲಾಳುಸೈನ್ಯದ ಒಂದು ದಳವೂ, ಹಡಗಿನ ನಾವಿಕರ ಸಮುದಾಯವೂ ಕಂಪೆನಿಯೇ. ಲಂಡನ್ನಿನ ವರ್ತಕಸಂಘಗಳಿಗೂ ಇದೇ ಹೆಸರು; ಅವುಗಳಲ್ಲಿ ಮರ್ಸರ್ಸ್ ಕಂಪೆನಿಗೆ 1394ರಲ್ಲಿ ರಾಜಸನ್ನದು ದೊರೆಯಿತು. ನಮ್ಮ ಶಾಸನಗಳು ಹೇಳುವ ಅಯ್ಯಾವೊಳೆಯ ಐನೂರ್ವರನ್ನು ನೆನೆದರೆ ಈ ಪ್ರಯೋಗವು ಸುಲಭವಾಗಿ ತಿಳಿಯುವುದು.

1600ರ ಡಿಸೆಂಬರ್ 31ರಂದು ಎಲಿಜಬೆತ್ ರಾಣಿಯು ಲಂಡನ್ನಿನ ವರ್ತಕರ ಒಂದು ಕಂಪೆನಿಗೆ ಪೂರ್ವದೇಶಗಳ ವ್ಯಾಪಾರವನ್ನು 15 ವರ್ಷಗಳಿಗೆ ಗುತ್ತವಾಗಿ ಕೊಟ್ಟಳು. ಇದೇ ಈಸ್ಟ್ ಇಂಡಿಯಾ ಕಂಪೆನಿ. ತಕ್ಕಡಿಯನ್ನು ಹಿಡಿದು ಬಂದ ಕೈ ಕಾಲಕ್ರಮದಲ್ಲಿ ಖಡ್ಗವನ್ನೂ ಹಿಡಿಯಿತು. 1765ರಲ್ಲಿ ಬಂಗಾಳದ ದಿವಾನಿಯು ಅದರ ವಶವಾಯಿತು. 1770ರ ಭೀಕರ ಕ್ಷಾಮದಲ್ಲಿ ಅಲ್ಲಿ ಅಸಂಖ್ಯಾತ ಜನರು ಮಡಿದರು. ಹೀಗಿದ್ದರೂ 1771ರ ಕಂದಾಯದ ವಸೂಲಿಯು 1768ರದನ್ನು ಮೀರಿತೆಂದು ವಾರನ್ ಹೇಸ್ಟಿಂಗ್ಸನು 1772ರಲ್ಲಿ ನಿರ್ದೇಶಕರಿಗೆ ತಿಳಿಸಿದನು. ರೊಟ್ಟಿಯನ್ನು ಹಂಚಿಕೊಳ್ಳುವವರೆಂಬ ಹೆಸರನ್ನು ಹೊತ್ತವರು ಹಸಿದವನ ತುತ್ತಿನಲ್ಲಿಯೂ ಪಾಲು ಕೇಳಿದರು!

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕನ್ನಡನಾಡಿನ ಕರಾವಳಿಯೂ ಈ ಆಳಿಕೆಗೆ ಒಳಗಾಯಿತು. ನಮ್ಮ ಜನರ ನಾಲಗೆಯಲ್ಲಿ ಶಬ್ದವು ‘ಕುಂಪಣಿ’ಯಾಯಿತು, ‘ಕುಂಪಣಿ ಸರಕಾರ’ವೆಂದರೆ ದಂಡು, ಕಂದಾಯ, ಕಚೇರಿ ಎಂಬ ಅರ್ಥವೇ ಹೊರತು ಸಂಗಡಿಗರೆಂಬ ಅರ್ಥವಲ್ಲ. 1858ರಲ್ಲಿ ಆ ಆಳಿಕೆಯು ರಾಣಿಯ ಸರಕಾರಕ್ಕೆ ಸಂದಿತು. 1874ರಲ್ಲಿ ಕಂಪೆನಿಯೇ ವಿಸರ್ಜಿತವಾಯಿತು.

ಕುಂಪಣಿಯು ಹೋಯಿತು, ಶಬ್ದವು ಉಳಿಯಿತು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘವನ್ನು ಜನರು ‘ಗುಬ್ಬಿ ಕಂಪೆನಿ’ಯೆಂದೇ ಕರೆದರು. ಊರೂರು ತಿರುಗುತ್ತಿದ್ದ ಇಂಥ ಮಂಡಲಿಗಳಲ್ಲಿ ರಾಜಪಾತ್ರದವನೂ ಪರದೆ ಎಳೆಯುವವನೂ ಬಿಡಾರದ ಒಂದೇ ಅಡಿಗೆಯನ್ನು ಉಣ್ಣುತ್ತಿದ್ದರು. ಲ್ಯಾಟಿನ್ನನ್ನು ಅರಿಯದ ಆ ನಟರು ಶಬ್ದಕ್ಕೆ ಅದರ ಕುಲದ ಅರ್ಥವನ್ನು ತಮಗರಿಯದೆಯೇ ಮರಳಿ ಕೊಟ್ಟರು.