ಗೋಡೆಗೆ ಬಂದ ಆರ್ಕಿಡ್ ಹಾಳೆಗಳು

ಹೋಟೆಲು, ಹೋಮ್‌ಸ್ಟೇ, ಮನೆಯ ನಡುಮನೆಗಳಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ ಹಳೆಯ ಆರ್ಕಿಡ್ ಚಿತ್ರಗಳಲ್ಲಿ ಹೆಚ್ಚಿನವು ಗೋಡೆಗೆಂದು ಬರೆದವಲ್ಲ. ಅವು ಸಸ್ಯಶಾಸ್ತ್ರದ ಪುಸ್ತಕ, ಪತ್ರಿಕೆಗಳ ಹಾಳೆಗಳು. ಮಲೆನಾಡಿಗರು ಸೀತಾಳೆ ಎನ್ನುವ ಈ ಹೂಗಳನ್ನು ಕಾಗದದ ನಡುವೆ ಒತ್ತಿ ಒಣಗಿಸಿದರೆ ಬಣ್ಣ ಹೋಗುತ್ತದೆ, ಉಬ್ಬಿದ ತುಟಿದಳ ಚಪ್ಪಟೆಯಾಗುತ್ತದೆ. ಹಾಗಾಗಿ ಹೂ ಬಾಡುವ ಮುನ್ನವೇ ಅದನ್ನು ಕಣ್ಣಳತೆಯಲ್ಲಿ ಹಿಡಿಯುವ ಚಿತ್ರಕಾರರು ಸಸ್ಯಶಾಸ್ತ್ರಜ್ಞರಿಗೆ ಬೇಕಾದರು.

ಆರ್ಕಿಡ್ ಹುಚ್ಚಿನ ಕಾಲ

19ನೇ ಶತಮಾನದ ಇಂಗ್ಲೆಂಡಿನ ಸಿರಿವಂತರಿಗೆ ಆರ್ಕಿಡ್ ಹುಚ್ಚು ಹಿಡಿದಿತ್ತು. ಗಾಜಿನ ಮನೆ ಕಟ್ಟಿಸಿ, ಗಿಡ ತರಲು ಕಾಡುಗಳಿಗೆ ಆಳುಗಳನ್ನು ಕಳಿಸುತ್ತಿದ್ದರು. ಅವರಲ್ಲೊಬ್ಬನಾದ ಜೇಮ್ಸ್ ಬೇಟ್ಮನ್ ಮೆಕ್ಸಿಕೊ ಮತ್ತು ಗ್ವಾಟೆಮಾಲಾದ ಆರ್ಕಿಡ್‌ಗಳ ಬಗ್ಗೆ 1837ರಿಂದ 1843ರವರೆಗೆ ಹೊರತಂದ ಪುಸ್ತಕದಲ್ಲಿ 40 ಚಿತ್ರಗಳಿದ್ದವು. ಅಚ್ಚಾದದ್ದು 125 ಪ್ರತಿ ಮಾತ್ರ. ಪುಸ್ತಕ ಎಷ್ಟು ಭಾರವೆಂದರೆ, ಅದನ್ನು ರಾಟೆ ಹಗ್ಗ ಕಟ್ಟಿ ಎತ್ತಲು ಆಳುಗಳು ಪಡುವ ಪಾಡನ್ನು ವ್ಯಂಗ್ಯಚಿತ್ರಕಾರ ಜಾರ್ಜ್ ಕ್ರೂಕ್‌ಶ್ಯಾಂಕ್ ಬರೆದ, ಬೇಟ್ಮನ್ ಅದನ್ನೂ ಪುಸ್ತಕಕ್ಕೆ ಸೇರಿಸಿದ.

ಸೇಂಟ್ ಆಲ್ಬನ್ಸ್‌ನ ಆರ್ಕಿಡ್ ವ್ಯಾಪಾರಿ ಫ್ರೆಡರಿಕ್ ಸ್ಯಾಂಡರ್ ಶತಮಾನದ ಕೊನೆಯ ಭಾಗದಲ್ಲಿ ‘ರೈಖೆನ್‌ಬಾಕಿಯಾ’ ಪ್ರಕಟಿಸಿದ. ಅದರಲ್ಲಿ 192 ಚಿತ್ರಗಳಿವೆ, ಬಹುಪಾಲು ಹೆನ್ರಿ ಮೂನ್ ಬರೆದವು. ಶಾಸ್ತ್ರಗ್ರಂಥದ ಠೀವಿಯಿದ್ದರೂ ನನ್ನ ಕಣ್ಣಿಗೆ ಅದು ಅರ್ಧ ಅಂಗಡಿಯ ಜಾಹೀರಾತೇ. ಇಂದು ಪೋಸ್ಟರ್ ಅಂಗಡಿಗಳಲ್ಲಿ ಮತ್ತೆಮತ್ತೆ ಕಾಣುವ, ಹೂಗಳನ್ನು ಎಡಬಲ ಸಮತೂಕದಲ್ಲಿ ಜೋಡಿಸಿದ ಹಾಳೆ ಜರ್ಮನಿಯ ಎರ್ನ್ಸ್ಟ್ ಹೆಕೆಲ್‌ನದು: 1904ರಲ್ಲಿ ಮುಗಿದ ಅವನ ‘ಪ್ರಕೃತಿಯ ಕಲಾರೂಪಗಳು’ ಮಾಲೆಯ 74ನೇ ಚಿತ್ರ. ನೋಡಲು ಸೊಗಸು, ಆದರೆ ಗಿಡ ಎಲ್ಲಿ ಹೇಗೆ ಬೆಳೆಯುತ್ತದೆಂದು ಅದರಿಂದ ತಿಳಿಯುವುದಿಲ್ಲ.

ಬರೆದವರು ಯಾರು?

ಪುಸ್ತಕದ ಮುಖಪುಟದಲ್ಲಿ ಮೆರೆದದ್ದು ಲೇಖಕನ ಹೆಸರು. ಚಿತ್ರಕಾರರ ಹೆಸರು ಹಾಳೆಯ ಕೆಳ ಅಂಚಿನಲ್ಲಿ ಇರುವೆಗಾತ್ರದಲ್ಲಿ ಇದ್ದರೆ ಇತ್ತು. ಬೇಟ್ಮನ್‌ಗೆ ಹೆಚ್ಚಿನ ಚಿತ್ರಗಳನ್ನು ಬರೆದುಕೊಟ್ಟವರು ಸಾರಾ ಡ್ರೇಕ್ ಮತ್ತು ಆಗಸ್ಟಾ ವಿದರ್ಸ್. ಡ್ರೇಕ್ ಹೆಚ್ಚಾಗಿ ಕೆಲಸ ಮಾಡಿದ್ದು ಸಸ್ಯಶಾಸ್ತ್ರಜ್ಞ ಜಾನ್ ಲಿಂಡ್ಲಿಗೆ. ಆಸ್ಟ್ರೇಲಿಯಾದ ಒಂದು ಆರ್ಕಿಡ್ ಕುಲಕ್ಕೆ ಅವನು ಡ್ರೇಕಿಯಾ ಎಂದು ಹೆಸರಿಟ್ಟ.

ಇದಕ್ಕೆ ಸರಿಜೋಡಿಯಾದ ಕಥೆ ದಕ್ಷಿಣ ಭಾರತದಲ್ಲೂ ಇದೆ. ಮದ್ರಾಸಿನಿಂದ ಪ್ರಕಟವಾಗಿ 1853ರಲ್ಲಿ ಮುಗಿದ ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್‌ನ ‘ಐಕೋನ್ಸ್’ ಸಂಪುಟಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಸ್ಯಚಿತ್ರಗಳಿವೆ, ಆರ್ಕಿಡ್‌ಗಳೂ ಬಹಳ. ಅವನ ಚಿತ್ರಕಾರರು ರಂಗಯ್ಯ ಮತ್ತು ಆಮೇಲೆ ಬಂದ ಗೋವಿಂದು. ಗೋವಿಂದುವಿನ ಗೌರವಕ್ಕೆ ವೈಟ್ ಒಂದು ಆರ್ಕಿಡ್ ಕುಲವನ್ನು ಗೋವಿಂದೂಯಿಯಾ ಎಂದು ಕರೆದ. ಡ್ರೇಕಿಯಾ ಇಂದಿಗೂ ಚಾಲ್ತಿಯಲ್ಲಿದೆ. ಗೋವಿಂದೂಯಿಯಾ ಮಾತ್ರ ಮುಂದೆ ಟ್ರಾಪಿಡಿಯಾ ಕುಲದೊಳಗೆ ಸೇರಿಹೋಯಿತು. ವರ್ಗೀಕರಣದ ನಿಯಮಕ್ಕೆ ಪಕ್ಷಪಾತವಿಲ್ಲ, ಆದರೂ ಬೇಸರವಾಗುತ್ತದೆ.

1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ವೈದ್ಯ ಹ್ಯೂ ಕ್ಲೆಗ್‌ಹಾರ್ನ್ ಕೂಡ ಸುತ್ತಲಿನ ಗಿಡಗಳ ಚಿತ್ರಗಳನ್ನು ಸ್ಥಳೀಯ ಚಿತ್ರಕಾರನಿಂದ ಬರೆಸಿದ. ಆ ಸಂಗ್ರಹ ಈಗ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿದೆ.

ಅಸಲಿ ಹಾಳೆಯ ಗುರುತು

ಆ ಕಾಲದಲ್ಲಿ ಚಿತ್ರವನ್ನು ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆದು ಅಚ್ಚೊತ್ತುವ ಲಿಥೋಗ್ರಫಿ ಬಳಕೆಯಲ್ಲಿತ್ತು. ಮೊದಮೊದಲು ಗೆರೆ ಮಾತ್ರ ಅಚ್ಚಾಗುತ್ತಿತ್ತು, ಬಣ್ಣವನ್ನು ಕುಂಚದಿಂದ ಪ್ರತಿ ಹಾಳೆಗೂ ತುಂಬಬೇಕಿತ್ತು. 1787ರಲ್ಲಿ ಶುರುವಾದ ‘ಕರ್ಟಿಸ್ ಬೊಟಾನಿಕಲ್ ಮ್ಯಾಗಜೀನ್’ 1948ರವರೆಗೂ ಕೈಬಣ್ಣದ ಪದ್ಧತಿ ಬಿಡಲಿಲ್ಲ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬಳಸುವ ಕ್ರೋಮೋಲಿಥೋಗ್ರಫಿ ಆಮೇಲಿನದು. ಮೂನ್‌ನ ಚಿತ್ರಗಳು ಅಚ್ಚಾದದ್ದು ಹಾಗೆ.

ಕೊಳ್ಳುವ ಮುನ್ನ ಭೂತಗನ್ನಡಿ ಹಿಡಿದು ನೋಡಬೇಕು. ಕೈಬಣ್ಣವಾದರೆ ಅಲ್ಲಲ್ಲಿ ಗೆರೆ ದಾಟಿರುತ್ತದೆ. ಕ್ರೋಮೋಲಿಥೋ ಆದರೆ ಚುಕ್ಕೆಗಳು ಅಡ್ಡಾದಿಡ್ಡಿ. ಚುಕ್ಕೆಗಳು ಒಂದೇ ಅಳತೆಯ ಜಾಲದಂತೆ ಸಾಲಾಗಿದ್ದರೆ ಅದು ಇತ್ತೀಚಿನ ಆಫ್‌ಸೆಟ್ ಮುದ್ರಣ. ಅಸಲಿ ಬಿಡಿಹಾಳೆಗಳು ಮಾರುಕಟ್ಟೆಗೆ ಬರುವುದು ಬಹುಪಾಲು ಯಾವುದೋ ಪುಸ್ತಕವನ್ನು ಬಿಚ್ಚಿ ಹರಿದ ಮೇಲೆಯೇ. ಹಾಗಾಗಿ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯ ಉಚಿತ ಡಿಜಿಟಲ್ ಪ್ರತಿಯಿಂದ ಒಳ್ಳೆಯ ಕಾಗದದ ಮೇಲೆ ಮುದ್ರಿಸಿಕೊಳ್ಳುವುದೇ ಮೇಲು ಎನ್ನುತ್ತೇನೆ.

ಕಟ್ಟು ಹಾಕಿಸುವಾಗ

ಹಾಳೆಯ ಕೆಳಭಾಗದಲ್ಲಿ ಬಿಡಿಸಿಟ್ಟ ತುಟಿದಳ, ಪರಾಗದ ಉಂಡೆ, ಸೀಳಿದ ಅಂಡಾಶಯದ ಪುಟ್ಟ ಚಿತ್ರಗಳಿರುತ್ತವೆ. ಗಿಡದ ಗುರುತು ಹಿಡಿಯಲು ಬೇಕಾದದ್ದು ಅವೇ. ಅಂದಕ್ಕೆಂದು ಅಂಚು ಕತ್ತರಿಸಿದರೆ ಅವುಗಳ ಜೊತೆಗೆ ಚಿತ್ರಕಾರರ ಹೆಸರೂ ಹೋಗುತ್ತದೆ. ಕಟ್ಟು ಹಾಕುವವರಿಗೆ ಇದನ್ನು ಮೊದಲೇ ಹೇಳಬೇಕು.

ಹಿಂದೆ ಆಮ್ಲರಹಿತ ರಟ್ಟು ಇರಲಿ, ಗಾಜು ಕಾಗದಕ್ಕೆ ತಾಗದಂತೆ ನಡುವೆ ಮೌಂಟ್ ಇರಲಿ. ಕೈಬಣ್ಣದ ಹಾಳೆಯನ್ನು ನೇರ ಬಿಸಿಲಿಗೆ ಒಡ್ಡಿದರೆ ಬಣ್ಣ ಮಾಸುತ್ತದೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ತೇವಕ್ಕೆ ಕಾಗದ ಬೂಷ್ಟು ಹಿಡಿಯುವುದರಿಂದ, ಹೊರಗೋಡೆಯನ್ನು ಬಿಟ್ಟು ಒಳಗೋಡೆಗೆ ತೂಗುಹಾಕಿ, ಕಟ್ಟಿನ ಹಿಂದೆ ಗಾಳಿಯಾಡುವಂತೆ ಮೂಲೆಗಳಿಗೆ ಬಿರಡೆಯ ಚೂರು ಅಂಟಿಸಬೇಕು.