ಉಡುಗೊರೆಯ ಕಸೂತಿ ಮತ್ತು ಮೆಂತೆಯ ಹೊಲಿಗೆ

ಪ್ರೀತಿಪೂರ್ವಕವಾಗಿ ಕೊಡುವ ವಸ್ತುವಿಗೆ ಕನ್ನಡದಲ್ಲಿ ಉಡುಗೊರೆಯೆಂದು ಹೆಸರು. ಆ ಶಬ್ದದ ಆದಿಯಲ್ಲಿ ‘ಉಡು’ ಎಂಬ ಧಾತುವು ಸ್ಪಷ್ಟವಾಗಿ ತೋರುವುದು. ಉಡುವ ಬಟ್ಟೆಯೇ ಕೊಡುಗೆಗಳಲ್ಲಿ ಮುಖ್ಯವೆನಿಸಿದ್ದಿತೆಂಬುದಕ್ಕೆ ಭಾಷೆಯೇ ಸಾಕ್ಷಿಯಾಗಿ ನಿಂತಿದೆ. ಉತ್ತರ ಕರ್ಣಾಟಕದ, ವಿಶೇಷತಃ ಧಾರವಾಡ ಸೀಮೆಯ ಸ್ತ್ರೀಯರು ಇಂತಹ ಬಟ್ಟೆಯ ಮೇಲೆ ಸೂಜಿಯಿಂದ ರಚಿಸುತ್ತ ಬಂದ ಚಿತ್ರಕರ್ಮವೇ ಕಸೂತಿ. ಇದರ ಇತಿಹಾಸವನ್ನು ಹೇಳುವವರು ಸಾಮಾನ್ಯವಾಗಿ ಅರಮನೆಯಿಂದ ಆರಂಭಿಸುವರು. ಸಿಕ್ಕುವ ಆಧಾರಗಳನ್ನು ತೂಗಿ ನೋಡಿದರೆ ಮನೆಯ ಉಡುಗೊರೆಯಿಂದ ಆರಂಭಿಸುವುದೇ ಯುಕ್ತವೆಂದು ತೋರುವುದು.

ಕಸೂತಿಯು ಚಾಲುಕ್ಯರ ಕಾಲದ್ದೆಂಬ ಮಾತು ಬಹಳವಾಗಿ ಪ್ರಚಾರದಲ್ಲಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (1126–1138) ತನ್ನ ‘ಮಾನಸೋಲ್ಲಾಸ’ದಲ್ಲಿ ವಸ್ತ್ರೋಪಭೋಗವನ್ನು ಪ್ರತ್ಯೇಕವಾಗಿ ವರ್ಣಿಸಿರುವುದರಿಂದ ಆ ಕಾಲದವರ ವಸ್ತ್ರಾಭಿರುಚಿಯು ತಿಳಿದುಬರುವುದು. ಆದರೆ ವಸ್ತ್ರಾಭಿರುಚಿಯು ಬೇರೆ, ಕಸೂತಿಯೆಂಬ ಈ ವಿಶಿಷ್ಟ ಪದ್ಧತಿಯು ಬೇರೆ. ದೇವಾಲಯಗಳ ವಿಗ್ರಹಗಳ ಉಡುಗೆಯಲ್ಲಿ ಕಾಣುವ ರೇಖಾಚಿತ್ರಗಳು ನೆಯ್ದವೋ, ಅಚ್ಚೊತ್ತಿದವೋ, ಹೊಲಿದವೋ ಎಂಬುದನ್ನು ಕಲ್ಲು ಹೇಳಲಾರದು. ಬಟ್ಟೆಯಾದರೋ ನಶ್ವರವಾದುದು. ಸೂಚೀಕರ್ಮವು ಈ ದೇಶದಲ್ಲಿ ಪ್ರಾಚೀನವೆಂಬುದರಲ್ಲಿ ಮಾತ್ರ ಸಂದೇಹವಿಲ್ಲ. ವಾತ್ಸ್ಯಾಯನನು ಅರುವತ್ತನಾಲ್ಕು ಕಲೆಗಳಲ್ಲಿ ಅದನ್ನು ಸೇರಿಸಿರುವನು. ಅಮರಸಿಂಹನು ತುನ್ನವಾಯ, ಸೌಚಿಕ ಎಂಬ ಹೆಸರುಗಳನ್ನು ಹೇಳಿರುವನು.

ಹೆಸರಿನ ವಿಷಯದಲ್ಲಿಯೂ ಎರಡು ಪಕ್ಷಗಳುಂಟು. ‘ಕೈ’ ಮತ್ತು ನೂಲೆಂಬರ್ಥದ ‘ಸೂತಿ’ ಸೇರಿ ಕಸೂತಿಯಾಯಿತೆಂಬುದು ಒಂದು ಪಕ್ಷ. ಎಳೆದುದು ಎಂಬರ್ಥದ ಪಾರಸೀ ‘ಕಶೀದಾ’ ಶಬ್ದದಿಂದ ಬಂದಿತೆಂಬುದು ಇನ್ನೊಂದು. ಕಶೀದಾ ಎಂಬ ಹೆಸರು ಕಾಶ್ಮೀರ, ಬಿಹಾರಗಳ ಸೂಜಿಕೆಲಸಕ್ಕೂ ಸಲ್ಲುವುದರಿಂದ ಎರಡನೆಯ ಪಕ್ಷವನ್ನು ತಳ್ಳಿಹಾಕಲಾಗದು. ಆದರೆ ಹೆಸರು ಹೊರಗಿನಿಂದ ಬಂದಿತೆಂದ ಮಾತ್ರಕ್ಕೆ ಕೆಲಸವೂ ಹೊರಗಿನಿಂದ ಬಂದಿತೆಂದು ಸಿದ್ಧವಾಗುವುದಿಲ್ಲ. ಇದರೊಳಗಿನ ಹೊಲಿಗೆಗಳ ಹೆಸರುಗಳಲ್ಲಿ ಮನೆಮಾತಿನ ಸೊಗಡೇ ತುಂಬಿದೆ.

ಆ ಹೊಲಿಗೆಗಳು ನಾಲ್ಕು: ಗವಂತಿ, ಮುರಗಿ, ನೇಗಿ, ಮೆಂತೆ. ಗವಂತಿಯಲ್ಲಿ ಸೂಜಿಯು ಒಂದೆಡೆ ಬಿಟ್ಟು ಒಂದೆಡೆ ಹಿಡಿದು ಮುಂದೆ ಸಾಗಿ, ಬಂದ ದಾರಿಯಲ್ಲಿಯೇ ಹಿಂದಿರುಗುತ್ತ ಬಿಟ್ಟ ಸ್ಥಳಗಳನ್ನು ತುಂಬುವುದು. ಈ ಹೆಸರು ‘ಗಂಟು’ ಶಬ್ದದಿಂದ ಬಂದಿತೆನ್ನುವರು. ಆದರೆ ಕಸೂತಿಯಲ್ಲಿ ಗಂಟು ಹಾಕುವುದೇ ನಿಷಿದ್ಧ. ಮುರಗಿಯು ಅದೇ ಕ್ರಮದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮುರಿದು ನಡೆಯುವುದು. ಇವೆರಡರಲ್ಲಿ ಬಟ್ಟೆಯ ಒಳಮೈ ಹೊರಮೈಗಳು ಒಂದೇ ರೂಪವಾಗಿರುವುವು. ನೇಗಿಯು ಹೆಸರಿಗೆ ತಕ್ಕಂತೆ ನೆಯ್ಗೆಯನ್ನು ಹೋಲುವುದು. ಮೆಂತೆಯಾದರೋ ಎರಡು ಓರೆ ಎಳೆಗಳು ಒಂದನ್ನೊಂದು ದಾಟುವ ಅಡ್ಡಹೊಲಿಗೆ. ಒತ್ತಾಗಿ ಹಾಕಿದಾಗ ಮೆಂತೆಯ ಕಾಳುಗಳನ್ನು ಹರಡಿದಂತೆ ತೋರುವುದರಿಂದ ಆ ಹೆಸರು. ಉಳಿದವು ರೇಖೆಯನ್ನೆಳೆದರೆ ಇದು ಮೈದುಂಬಿಸುವುದು. ತೂಕವೂ ಇದಕ್ಕೆ ಹೆಚ್ಚು.

ಚಿತ್ರವನ್ನು ಮೊದಲು ಬಟ್ಟೆಯ ಮೇಲೆ ಬರೆದುಕೊಳ್ಳುವ ಪದ್ಧತಿಯಿಲ್ಲ. ಹಾಸು ಹೊಕ್ಕುಗಳ ಎಳೆಗಳನ್ನು ಎಣಿಸುತ್ತ, ಅಡ್ಡ, ಉದ್ದ, ಓರೆ ಎಂಬ ಮೂರೇ ಗತಿಗಳಿಂದ ಆನೆ, ನವಿಲು, ಗೋಪುರ, ತೇರು, ಪಲ್ಲಕ್ಕಿ, ತುಲಸೀಕಟ್ಟೆ, ತೊಟ್ಟಿಲುಗಳನ್ನು ನಿರ್ಮಿಸಬೇಕು. ಹೊರಟ ಸೂಜಿಯು ಹೊರಟಲ್ಲಿಗೇ ಹಿಂದಿರುಗಬೇಕಾದುದರಿಂದ ಮೊದಲ ಹೊಲಿಗೆಗೆ ಮುನ್ನವೇ ಸಮಗ್ರ ಚಿತ್ರದ ಮಾರ್ಗವು ಮನಸ್ಸಿನಲ್ಲಿ ಸಿದ್ಧವಾಗಿರಬೇಕು. ಒಂದು ಎಳೆಯ ಎಣಿಕೆ ತಪ್ಪಿದರೆ ಆನೆಯ ಸೊಂಡಿಲು ಕಾಲಿಗೆ ಕೂಡದು. ಅಕ್ಷರ ಕಲಿಯಲು ಅವಕಾಶವಿಲ್ಲದಿದ್ದ ಅನೇಕ ಸ್ತ್ರೀಯರು ಇಷ್ಟು ಸೂಕ್ಷ್ಮವಾದ ಗಣಿತವನ್ನು ಕಂಠಪಾಠದಂತೆ ಧರಿಸಿ, ತಾಯಿಯಿಂದ ಮಗಳಿಗೆ ದಾಟಿಸಿದರು. ಶ್ರುತಿಯು ಬಾಯಿಂದ ಬಾಯಿಗೆ ಬಂದಂತೆ ಇದು ಕೈಯಿಂದ ಕೈಗೆ ಬಂದ ವಿದ್ಯೆ.

ಇಷ್ಟು ಶ್ರಮವು ಯಾರಿಗಾಗಿ ಎಂಬುದನ್ನು ವಿಚಾರಿಸಿದರೆ ಕಲೆಯ ಮೂಲವು ಗೋಚರಿಸುವುದು. ಮದುಮಗಳಿಗೆ ಚಂದ್ರಕಾಳಿ ಸೀರೆ. ಅದರ ಕಪ್ಪು ಮೈಯಲ್ಲಿ ಸೆರಗಿನ ಬಳಿ ದೊಡ್ಡ ಚಿತ್ರಗಳೂ ದೂರ ಸರಿದಂತೆ ಚಿಕ್ಕವೂ ಬರುವುವು. ಹುಟ್ಟಿದ ಕೂಸಿಗೆ ತಲೆಯನ್ನೂ ಬೆನ್ನನ್ನೂ ಮುಚ್ಚುವ ಕುಂಚಿಗೆ. ಇವು ಕುಟುಂಬದ ಹೆಂಗಸರೇ ಹೊಲಿದು ಕೊಟ್ಟ ವಸ್ತುಗಳು. ಬಸುರಿಗೆ ಮಾಡುವ ಸೀಮಂತವನ್ನು ಆ ಪ್ರಾಂತದಲ್ಲಿ ‘ಕುಬಸ’ವೆಂದೇ ಕರೆಯುವರು, ಕೊಡುವ ಬಟ್ಟೆಯ ಹೆಸರೇ ಸಂಸ್ಕಾರದ ಹೆಸರಾಯಿತು. ಇಲ್ಲಿ ಒಂದು ವೈದಿಕ ಸಾದೃಶ್ಯವು ಗಮನಾರ್ಹ. ಋಗ್ವೇದದ ಎರಡನೆಯ ಮಂಡಲದ 32ನೆಯ ಸೂಕ್ತದಲ್ಲಿ ರಾಕಾದೇವಿಯು ಮುರಿಯದ ಸೂಜಿಯಿಂದ ಕರ್ಮವನ್ನು ಹೊಲಿದು ವೀರಪುತ್ರನನ್ನು ಕೊಡಲೆಂಬ ಪ್ರಾರ್ಥನೆಯಿದೆ. ಆಶ್ವಲಾಯನ ಗೃಹ್ಯಸೂತ್ರವು ಅದನ್ನು ಸೀಮಂತೋನ್ನಯನದಲ್ಲಿಯೇ ವಿನಿಯೋಗಿಸಿದೆ. ಇದರಿಂದ ಕಸೂತಿಗೆ ವೇದಕಾಲದ ಪ್ರಾಚೀನತೆಯು ಸಿದ್ಧಿಸದು. ಆದರೆ ಸೂಜಿಗೂ ಸಂತಾನದ ಹರಕೆಗೂ ನಂಟು ಕಲ್ಪಿಸಿದ ಭಾವನೆಯು ಹಳೆಯದೆಂಬುದು ಇದರಿಂದ ಸ್ಪಷ್ಟ.

ಆದುದರಿಂದ ಕಸೂತಿಯ ಬಟ್ಟೆಯನ್ನು ಅಲಂಕಾರವೆಂದು ಮಾತ್ರ ಎಣಿಸದೆ ದಾಖಲೆಯೆಂದೂ ಓದಬೇಕು. ಶಾಸನಗಳಲ್ಲಿ ದಾನ ಕೊಟ್ಟ ರಾಣಿಯರ ಹೆಸರುಗಳು ದೊರೆಯುವುವು. ಕುಂಚಿಗೆ ಹೊಲಿದ ಅಜ್ಜಿಯ ಹೆಸರು ಎಲ್ಲಿಯೂ ದೊರೆಯದು. ಅವಳು ಕಂಡ ತೇರು, ಪೂಜಿಸಿದ ಕಟ್ಟೆ, ತೂಗಿದ ತೊಟ್ಟಿಲು ಇವೇ ಅವಳ ಲಿಪಿ.

1999ರ ಭೌಗೋಳಿಕ ಸೂಚಕಗಳ ಅಧಿನಿಯಮದಂತೆ ಕಸೂತಿಗೆ ಈಗ ಕಾನೂನಿನ ರಕ್ಷಣೆಯಿದೆ. ಮಾರಾಟಕ್ಕಾಗಿ ಹೊಲಿಯುವುದರಿಂದ ಅನೇಕ ಸ್ತ್ರೀಯರಿಗೆ ಜೀವನೋಪಾಯವೂ ಆಗಿದೆ. ಇದು ಸಂತೋಷಕರವೇ. ಆದರೆ ಕಾನೂನು ಹೆಸರನ್ನು ಕಾಯಬಲ್ಲದು, ಎಣಿಕೆಯನ್ನು ಕಲಿಸಲಾರದು. ಯಂತ್ರವು ಗೋಪುರದ ಆಕಾರವನ್ನು ಕ್ಷಣದಲ್ಲಿ ಒತ್ತಬಲ್ಲುದಾದರೂ ಯಾವ ಕೂಸಿಗಾಗಿ ಎಂಬುದನ್ನು ಅರಿಯದು. ಪೆಟ್ಟಿಗೆಗಳಲ್ಲಿ ಜೀರ್ಣವಾಗುತ್ತಿರುವ ಹಳೆಯ ಕುಂಚಿಗೆಗಳನ್ನೂ ಸೀರೆಗಳನ್ನೂ ಹೊಲಿದವರಾರು, ಪಡೆದವರಾರು, ಯಾವ ಸಂದರ್ಭ ಎಂಬ ವಿವರಗಳೊಡನೆ ಸಂಗ್ರಹಿಸುವುದು ವಿದ್ವಾಂಸರಿಗೂ ಅಧ್ಯಾಪಕರಿಗೂ ಸೇರಿದ ಕರ್ತವ್ಯ. ತಾಳೆಗರಿಗೆ ತೋರಿದ ಆದರವನ್ನು ಈ ಬಟ್ಟೆಗೂ ತೋರಿದಲ್ಲಿ ಕರ್ಣಾಟಕದ ಇತಿಹಾಸಕ್ಕೆ ಇದುವರೆಗೆ ಇಲ್ಲದಿದ್ದ ಒಂದು ಅಧ್ಯಾಯವು ದೊರೆತಂತಾಗುವುದು.